ಮೊದಲು ನಮ್ಮ ಗದ್ದೆಯನ್ನು ಅಳೆಯಿರಿ: ಕೇರಳದ ಕೃಷಿ ಸಚಿವರಿಗೆ ಗಡಿನಾಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,
ಕೇರಳ ಸರಕಾರ, ತಿರುವನಂತಪುರ.

ಮಾನ್ಯರೇ,

ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ರೈತ ಹೆಂಗಸು. ವಯಸ್ಸು ಐವತ್ತೆರಡು. ತವರು ಗಡಿಯ ಆಚೆ, ವಿಟ್ಲದ ಹತ್ತಿರ. ಮದುವೆಯಾಗಿ ಈ ಕಡೆ ಬಂದು ಮೂವತ್ತು ವರ್ಷ ದಾಟಿತು. ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಸಂಘದ ನಾವು ಐದು ಜನ ಸೇರಿ, ಹಡಿಲು (ಪಾಳು) ಬಿದ್ದಿದ್ದ ಎರಡೂವರೆ ಎಕರೆ ಗದ್ದೆಯನ್ನು ಗೇಣಿಗೆ ಹಿಡಿದು ಭತ್ತ ಬೆಳೆಯುತ್ತಿದ್ದೇವೆ. ಅದರಲ್ಲಿ ತಗ್ಗಿನಲ್ಲಿ ಸ್ವಲ್ಪ ಬೈಲು, ನಡುವೆ ಸ್ವಲ್ಪ ಮಜಲು, ಮೇಲೆ ಒಂದು ತುಂಡು ಬೆಟ್ಟು ಗದ್ದೆ ಇದೆ. ಈ ಮೂರು ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಪತ್ರದ ವಿಷಯವೆಲ್ಲ ಅದರಲ್ಲೇ ಇದೆ.

ಪತ್ರವನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಅವರವರ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ನಂಬಿ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲು ಹೇಳುತ್ತೇನೆ.

ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮನ್ನೆಲ್ಲ ಒಂದು ಸಭೆಗೆ ಕರೆದರು. ಹೊರಗೆ ಜಡಿಮಳೆ. ಹೊರಗಿನ ಊರಿನ ಒಂದು ಸಂಸ್ಥೆಯವರು ಬಂದಿದ್ದರು. ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ಎರಡು ಉದ್ದನೆಯ ಕಂಬಗಳು, ಒಂದು ಚೀನಾ, ಇನ್ನೊಂದು ಭಾರತ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ವಿವರಿಸಿದ್ದು ಮಲಯಾಳದಲ್ಲಿ. ಭತ್ತದ ಗದ್ದೆಯಿಂದ ಮೀಥೇನ್ ಎಂಬ ಅನಿಲ ಹೊರಡುತ್ತದೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ, ಅದನ್ನು ಅತಿ ಜಾಸ್ತಿ ಬಿಡುವ ಎರಡು ದೇಶಗಳು ಇವು, ಇದರಲ್ಲಿ ನಿಮ್ಮ ಗದ್ದೆಯ ಪಾಲೂ ಇದೆ ಎಂದರು. ಗದ್ದೆಯನ್ನು ಆಗಾಗ ಒಣಗಿಸಿದರೆ ಅನಿಲ ಕಡಿಮೆಯಾಗುತ್ತದೆ, ಹಾಗೆ ಉಳಿಸಿದ ಅನಿಲಕ್ಕೆ ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬರುತ್ತದೆ, ಇಲ್ಲಿ ಸಹಿ ಹಾಕಿ ಎಂದರು. ಹಾಳೆಗಳೂ ಇಂಗ್ಲಿಷಿನಲ್ಲೇ ಇದ್ದವು.

ನಮ್ಮ ಗುಂಪಿನ ಹಿರಿಯಕ್ಕ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು. "ನಮ್ಮ ಗದ್ದೆಯಿಂದ ಎಷ್ಟು ಹೊರಡುತ್ತದೆ?"

ಅದನ್ನು ಅಳೆದಿಲ್ಲ, ದೇಶದ ಸರಾಸರಿ ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ ಅಂತ ಉತ್ತರ ಬಂತು. ಹಿರಿಯಕ್ಕ ಸುಮ್ಮನೆ ಕೂತರು. ಆದರೂ ನಾವು ಐದೂ ಜನ ಸಹಿ ಹಾಕಿದೆವು. ಗೊಬ್ಬರದ ಸಾಲ ತೀರಿಸಲಿಕ್ಕಿತ್ತು.

ಸಂಸ್ಥೆಯವರು ತೂತು ಕೊರೆದ ಪೈಪಿನ ತುಂಡುಗಳನ್ನು ಕೊಟ್ಟರು. ಅದನ್ನು ಗದ್ದೆಯಲ್ಲಿ ಹೂಳಬೇಕು. ಒಳಗೆ ಇಣುಕಿದರೆ ಮಣ್ಣಿನ ಅಡಿಯ ನೀರಿನ ಮಟ್ಟ ಕಾಣುತ್ತದೆ. ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟಬೇಕು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನ ಇದು. ವಿಧಾನದಲ್ಲಿ ದೋಷವಿಲ್ಲ. ನೀರು ಉಳಿಯುತ್ತದೆ, ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಎಷ್ಟೋ ಕಡೆ ಅಳೆದು ನೋಡಿದ್ದಾರೆ. ಆದರೆ ಏಣೆಲಿನ, ಅಂದರೆ ಮಳೆಗಾಲದ ಬೆಳೆಯ, ಗದ್ದೆಯಲ್ಲಿ ನಾವು ಆ ಪೈಪಿಗೆ ಇಣುಕಿದಾಗಲೆಲ್ಲ ಕಂಡದ್ದು ತುಂಬಿ ತುಳುಕುವ ನೀರು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಏಣೆಲಿನ ತಿಂಗಳುಗಳಲ್ಲೇ. ಆಟಿಯಲ್ಲಿ ಬೈಲು ಒಣಗಿಸುವುದು ಯಾರಿಂದ ಸಾಧ್ಯ?

ಹಾಗಾದರೆ ಮಳೆ ಕಡಿಮೆಯಾದ ಮೇಲಿನ ಎರಡನೇ ಬೆಳೆ ಸುಗ್ಗಿಯಲ್ಲಿ ಮಾಡಿ ಎಂದರು. ಮಾಡಿದೆವು. ಡಿಸೆಂಬರಿನಲ್ಲಿ ಒಂದು ದಿನ ಫೋನಿಗೆ ಸಂದೇಶ ಬಂತು, ಈ ವಾರ ನೀರು ತೆಗೆದು ಫೋಟೋ ಕಳುಹಿಸಿ ಅಂತ. ಹೊಡೆ ಒಡೆದು ತೆನೆ ಹೊರಡುವ ಹೊತ್ತು ಅದು. ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ಸಹಿ ಹಾಕಿದ್ದೆವು, ಅಲ್ವಾ? ಗದ್ದೆಗೆ ನೀರು ಬರುವ ಕಂಡಿ ಮುಚ್ಚಿದೆವು. ಮೂವತ್ತು ಸೆಂಟಿನ ಆ ಗದ್ದೆ ಬಿರುಕು ಬಿಟ್ಟಿತು. ಫೋಟೋ ಕಳುಹಿಸಿದ ಮರುದಿನವೇ ನೀರು ಕಟ್ಟೋಣ ಅಂತ ಹೊರಟರೆ ನಮ್ಮ ಸರದಿ ಇನ್ನೂ ಒಂಬತ್ತು ದಿನ ದೂರ ಇತ್ತು. ತೋಡಿಗೆ (ಹಳ್ಳಕ್ಕೆ) ಅಡ್ಡ ಹಾಕಿದ ಒಡ್ಡನ್ನು ಕಟ್ಟ ಅನ್ನುತ್ತೇವೆ, ಅದರ ನೀರು ಸರದಿಯಲ್ಲಿ ಬರುತ್ತದೆ. ನಮ್ಮ ಅವಸರಕ್ಕೆ ಇನ್ನೊಬ್ಬರ ನೀರು ತಿರುಗಿಸಿಕೊಳ್ಳುವ ಹಾಗಿಲ್ಲ.

ಕೊಯ್ಲಿನ ದಿನ ಹಿರಿಯಕ್ಕ ಒಂದು ತೆನೆ ಕಿತ್ತು ಅಂಗೈಯಲ್ಲಿಟ್ಟು ತಿಕ್ಕಿ ಊದಿದರು. ಮುಕ್ಕಾಲು ಪಾಲು ಹಾರಿಹೋಯಿತು. ಬರೀ ಜೊಳ್ಳು. ಐದು ಕ್ವಿಂಟಾಲ್ ಆಗುವಲ್ಲಿ ಎರಡೂ ಆಗಲಿಲ್ಲ. ಸಂಸ್ಥೆಗೆ ಫೋನ್ ಮಾಡಿದರೆ, ಹೂ ಬರುವಾಗ ಗದ್ದೆ ಒಣಗಿಸಬಾರದು ಅಂತ ಸೂಚನೆಯಲ್ಲೇ ಇತ್ತಲ್ಲ ಎಂದರು. ಇದ್ದದ್ದು ಹೌದು, ಇಂಗ್ಲಿಷ್ ಹಾಳೆಯ ಏಳನೇ ಪುಟದಲ್ಲಿ. ಕ್ರೆಡಿಟ್ಟಿನ ದುಡ್ಡು ಈ ಪತ್ರ ಬರೆಯುವವರೆಗೂ ಬಂದಿಲ್ಲ.

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಆ ಎರಡು ಕಂಬಗಳ ಚಿತ್ರ ಕಣ್ಣ ಮುಂದೆಯೇ ಇತ್ತು. ಬಿ.ಎಸ್ಸಿ. ಓದಿದ ಮಗಳನ್ನು ಕೂರಿಸಿಕೊಂಡು ಒಂದೊಂದಾಗಿ ತಿಳಿದುಕೊಳ್ಳಲು ಶುರು ಮಾಡಿದೆ. ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಇದೇ ಕೆಲಸ.

ಮೀಥೇನ್ ನನಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಬೈಲಿನ ಕೆಸರಿಗೆ ಕಾಲಿಟ್ಟಾಗ ಬೆರಳ ಸಂದಿಯಿಂದ ಗುಳುಗುಳು ಗುಳ್ಳೆ ಏಳುತ್ತದಲ್ಲ, ಅದರಲ್ಲಿರುವುದು ಇದೇ. ನೀರು ನಿಂತ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯುವ ಸೊಪ್ಪು, ಬೇರು, ಹುಲ್ಲು ತಿಂದು ಈ ಅನಿಲ ಬಿಡುತ್ತವೆ. ಗುಳ್ಳೆಯಾಗಿ ಹೊರಡುವುದು ಸ್ವಲ್ಪವೇ. ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಭತ್ತದ ಗಿಡದ ಒಳಗೇ ಹತ್ತಿ ಹೊರಗೆ ಬರುತ್ತದಂತೆ. ಭತ್ತದ ದಂಟು ಟೊಳ್ಳು. ಕೆಸರಿನಲ್ಲಿರುವ ಬೇರಿಗೆ ಗಾಳಿ ಇಳಿಯುವ ಆ ದಾರಿಯಲ್ಲೇ ಮೀಥೇನ್ ಮೇಲೆ ಬರುತ್ತದೆ. ಮೂವತ್ತು ವರ್ಷ ನೇಜಿ ನೆಟ್ಟವಳಿಗೆ ಇದು ಗೊತ್ತೇ ಇರಲಿಲ್ಲ. ನೂರು ವರ್ಷದ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಇದರದ್ದು. ಜಗತ್ತಿನಲ್ಲಿ ಮನುಷ್ಯರ ಕೆಲಸದಿಂದ ಹೊರಡುವ ಮೀಥೇನ್‌ನಲ್ಲಿ ನೂರಕ್ಕೆ ಎಂಟು–ಹತ್ತು ಪಾಲು ಭತ್ತದ್ದು. ಹಾಗಾಗಿ ವಿಷಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಳೆ ಹಿಂದುಮುಂದಾಗುವುದನ್ನು ಎಲ್ಲರಿಗಿಂತ ಮೊದಲು ಅನುಭವಿಸುವವರು ನಾವೇ.

ನನ್ನ ತಕರಾರು ಆ ಕಂಬಗಳ ಮೇಲೆ.

ಭಾರತ ಸರಕಾರ ವಿಶ್ವಸಂಸ್ಥೆಗೆ ಕೊಟ್ಟ 2016ರ ಲೆಕ್ಕದ ಪ್ರಕಾರ ನಮ್ಮ ದೇಶದ ಭತ್ತದ ಗದ್ದೆಗಳಿಂದ ಹೊರಟ ಮೀಥೇನ್ ಸುಮಾರು 34 ಲಕ್ಷ ಟನ್. ಚೀನಾ ಕೊಟ್ಟ 2014ರ ಲೆಕ್ಕದಲ್ಲಿ ಅವರದ್ದು ಸುಮಾರು 89 ಲಕ್ಷ ಟನ್. ಭತ್ತದ ಗದ್ದೆ ಯಾರಿಗೆ ಜಾಸ್ತಿ? ನಮಗೆ. ನಮ್ಮದು ಆಗ ಸುಮಾರು 4.4 ಕೋಟಿ ಹೆಕ್ಟೇರ್, ಅವರದ್ದು 3 ಕೋಟಿ. ಮಗಳು ಭಾಗಿಸಿ ಹೇಳಿದಳು. ನಮ್ಮಲ್ಲಿ ಒಂದು ಹೆಕ್ಟೇರಿಗೆ 80 ಕಿಲೋ ಒಳಗೆ, ಅವರಲ್ಲಿ 300 ಕಿಲೋ ಹತ್ತಿರ. ಅವರ ಇಳುವರಿ ನಮಗಿಂತ ತುಂಬಾ ಹೆಚ್ಚು, ಹೆಕ್ಟೇರಿಗೆ 7 ಟನ್ ಹತ್ತಿರ ಭತ್ತ ಬೆಳೆಯುತ್ತಾರೆ. ಹಾಗಾಗಿ ಒಂದು ಟನ್ ಭತ್ತಕ್ಕೆ ಎಷ್ಟು ಅಂತ ನೋಡಿದರೆ ಅಂತರ ಕಡಿಮೆಯಾಗುತ್ತದೆ. ಆಗಲೂ ಅವರದ್ದು ನಮ್ಮ ಎರಡು ಪಟ್ಟು.

ಇದೇ ಎರಡು ದೇಶಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಸೂತ್ರದಲ್ಲಿ ಲೆಕ್ಕ ಹಾಕಿದಾಗ ಎರಡು ಕಂಬಗಳೂ ಹತ್ತಿರ ಹತ್ತಿರ ಬರುತ್ತವೆ. ನಮಗೆ ಸಭೆಯಲ್ಲಿ ತೋರಿಸಿದ ಚಿತ್ರ ಹೆಚ್ಚುಕಡಿಮೆ ಹಾಗೇ ಇತ್ತು. ಯಾರ ಲೆಕ್ಕ, ಯಾವ ವರ್ಷದ್ದು, ಒಟ್ಟು ಎಷ್ಟು, ಎಕರೆಗೆ ಎಷ್ಟು, ಕಿಲೋ ಅಕ್ಕಿಗೆ ಎಷ್ಟು ಅಂತ ಹೇಳದೆ ಬರೀ ಕಂಬ ತೋರಿಸಿದರೆ ರೈತರಿಗೆ ಏನು ತಿಳಿಯಬೇಕು? ತಲೆ ತಗ್ಗಿಸಿ ಸಹಿ ಹಾಕುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಭಾರತದ ಲೆಕ್ಕ ಕಡಿಮೆ ಅಂತ ಹಿಗ್ಗಬೇಕು ಅಂತಲೂ ನನಗೆ ಅನಿಸಲಿಲ್ಲ. ಯಾಕೆ ಕಡಿಮೆ ಅಂತ ಓದಿದಾಗ ಮನಸ್ಸಿಗೆ ಕಷ್ಟವೇ ಆಯಿತು. ಚೀನಾದಲ್ಲಿ ಹೆಚ್ಚುಕಡಿಮೆ ಎಲ್ಲ ಭತ್ತಕ್ಕೂ ನೀರಾವರಿ ಇದೆ. ಗದ್ದೆ ತುಂಬಾ ನೀರು, ಮಣ್ಣಿಗೆ ಹುಲ್ಲು, ಗೊಬ್ಬರ. ಹುಲ್ಲು ಸುಡಬಾರದು ಅಂತ ಅಲ್ಲಿ ನಿಯಮ ಬಂದ ಮೇಲೆ ಕೊಯ್ದ ಹುಲ್ಲನ್ನು ಗದ್ದೆಗೇ ಸೇರಿಸುವುದು ಜಾಸ್ತಿಯಾಯಿತು. ಅದರಿಂದ ಮಣ್ಣಿಗೆ ಒಳ್ಳೆಯದು, ಮೀಥೇನ್ ಮಾತ್ರ ಏರುತ್ತದೆ. ನಮ್ಮ ದೇಶದಲ್ಲಿ ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢದ ಕಡೆ ಲಕ್ಷಾಂತರ ರೈತರು ಮೋಡ ನೋಡಿಕೊಂಡು ಭತ್ತ ಬೆಳೆಯುತ್ತಾರೆ. ಮಳೆ ಕೈಕೊಟ್ಟರೆ ಗದ್ದೆ ತಾನಾಗಿ ಒಣಗುತ್ತದೆ. ಮೀಥೇನ್ ಕಡಿಮೆ, ಭತ್ತವೂ ಕಡಿಮೆ. ಪಂಜಾಬಿನಲ್ಲಿ ಎಷ್ಟು ಪಂಪು ಹಾಕಿದರೂ ನೀರು ಇಂಗಿಹೋಗುವ ಮಣ್ಣು, ಅಲ್ಲಿ ಅನಿಲ ಕಡಿಮೆ, ಆದರೆ ನೆಲದಡಿಯ ನೀರು ಖಾಲಿಯಾಗುತ್ತಿದೆ. ಈ ಎಲ್ಲ ಕಷ್ಟಗಳನ್ನು ಕೂಡಿಸಿ ಭಾಗಿಸಿದಾಗ ಬಂದದ್ದು ಆ 80 ಕಿಲೋ.

ಅದನ್ನು ತಂದು ನಮ್ಮ ಬೈಲಿಗೆ ಹೇಗೆ ಹಚ್ಚುತ್ತೀರಿ?

ಬೈಲು ಗದ್ದೆ ಅಂದರೆ ತೋಡಿನ ಪಕ್ಕದ ತಗ್ಗು ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ಆಗುವ ಜಾಗ. ತೆಂಕಿನ ಕಡೆ ವಿರಿಪ್ಪು, ಮುಂಡಗನ್, ಪುಂಚ ಅನ್ನುವುದು ಇದನ್ನೇ. ಕಾಲು ವರ್ಷ ಬಿಟ್ಟರೆ ಬೈಲಿನಲ್ಲಿ ಸದಾ ನೀರು. ಮೊದಲೆಲ್ಲ ಗುಡ್ಡದಿಂದ ಹೊರೆ ಹೊರೆ ಸೊಪ್ಪು ತಂದು ಕೆಸರಿಗೆ ತುಳಿಯುತ್ತಿದ್ದೆವು, ಈಗಲೂ ಸ್ವಲ್ಪ ಮಾಡುತ್ತೇವೆ. ನೀರು, ಸೊಪ್ಪು ಎರಡೂ ಇರುವ ಈ ಗದ್ದೆಯ ಲೆಕ್ಕ ಭಾರತದ ಸರಾಸರಿಗಿಂತ ಚೀನಾದ ಗದ್ದೆಗೇ ಹತ್ತಿರ ಇರಬಹುದು ಅಂತ ನನ್ನ ಅಂದಾಜು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ಮಾತಿದೆ. ನಮ್ಮದು ಮುರಕಲ್ಲಿನ ನಾಡು, ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಬೈಲಿನ ಮೂಲೆಯಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕೆಂಪು ಪೊರೆ ಕಟ್ಟುತ್ತದೆ, ಬೆರಳಿನಿಂದ ಮುಟ್ಟಿದರೆ ಚೂರು ಚೂರಾಗಿ ಒಡೆಯುತ್ತದೆ. ಅದು ಕಬ್ಬಿಣದ್ದು. ಮಣ್ಣಿನಲ್ಲಿ ಅಂಥ ಕಬ್ಬಿಣ ಇದ್ದರೆ ಮೀಥೇನ್ ಹುಟ್ಟುವುದು ತಡವಾಗುತ್ತದೆ, ಕಡಿಮೆಯಾಗುತ್ತದೆ ಅಂತ ವಿಜ್ಞಾನಿಗಳೇ ಹೇಳುತ್ತಾರೆ. ಸೊಪ್ಪು ಒಂದು ಕಡೆ ಎಳೆದರೆ ಕಬ್ಬಿಣ ಇನ್ನೊಂದು ಕಡೆ ಎಳೆಯುತ್ತದೆ. ಯಾವುದು ಗೆಲ್ಲುತ್ತದೆ ಅಂತ ಅಳೆಯದೆ ಹೇಳಲಿಕ್ಕೆ ಬರುವುದಿಲ್ಲ.

ಮಜಲು ಗದ್ದೆಯಲ್ಲಿ ಎರಡು ಬೆಳೆ. ಬೆಟ್ಟು ಗದ್ದೆಯಲ್ಲಿ ಒಂದೇ, ಅದೂ ಮಳೆ ನಂಬಿ. ನಾಲ್ಕು ದಿನ ಬಿಸಿಲು ಬಂದರೆ ಬೆಟ್ಟು ಬಿರಿಯುತ್ತದೆ. ಸಂಸ್ಥೆಯವರು ಕೊಟ್ಟ ಪೈಪು ಅಲ್ಲಿ ಬೇಕಾಗಿಯೇ ಇಲ್ಲ. ಒಂದೇ ಬೈಲಿನ ಸುತ್ತ ಮುನ್ನೂರು ಹೆಜ್ಜೆ ನಡೆಯುವುದರೊಳಗೆ ಮೂರು ಲೆಕ್ಕ ಇರುವಾಗ ಎರಡು ದೇಶಗಳ ಎರಡು ಕಂಬ ನಮಗೆ ಏನು ಹೇಳುತ್ತದೆ? ನನ್ನ ತವರಿನ ಗದ್ದೆ ಕರ್ನಾಟಕದಲ್ಲಿದೆ, ಗಂಡನ ಮನೆಯದ್ದು ಕೇರಳದಲ್ಲಿದೆ. ಎರಡೂ ಬೈಲು, ಎರಡೂ ಕಡೆ ಅದೇ ಮಣ್ಣು, ಅದೇ ಮಳೆ.

ಮಾನ್ಯರೇ, ಅಳೆಯದೆ ಲೆಕ್ಕ ಹೇಳಿದ್ದು ಇದೇ ಮೊದಲಲ್ಲ ಅಂತ ಓದುವಾಗ ಗೊತ್ತಾಯಿತು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಬರುತ್ತದೆ ಅಂತ ಅಂದಾಜು ಹಾಕಿತ್ತು. ಪರದೇಶದ ಗದ್ದೆಗಳಲ್ಲಿ ಅಳೆದ ಅಂಕಿಯನ್ನು ನಮ್ಮ ಗದ್ದೆಗಳ ಮೇಲೆ ಹೇರಿ ಹಾಕಿದ ಲೆಕ್ಕ ಅದು. ಆಗ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಮತ್ತು ಅವರ ಜೊತೆಗಾರರು 1991ರಲ್ಲಿ ದೇಶದ ಬೇರೆ ಬೇರೆ ಕಡೆ ಗದ್ದೆಗೇ ಇಳಿದು ಅಳೆದರು. ಬಂದದ್ದು ಸುಮಾರು 40 ಲಕ್ಷ ಟನ್. ಹೇಳಿದ್ದರ ಹತ್ತರಲ್ಲೊಂದು ಪಾಲು. ಹೊಟ್ಟೆಪಾಡಿನ ಗದ್ದೆಯ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ವಾದಿಸಿದ್ದೂ ಅದೇ 1991ರಲ್ಲಿ. 2021ರಲ್ಲಿ ಗ್ಲಾಸ್ಗೋದಲ್ಲಿ ಮೀಥೇನ್ ಇಳಿಸುವ ಜಾಗತಿಕ ಪ್ರತಿಜ್ಞೆ ಬಂದಾಗ ಭಾರತ ಸೇರಲಿಲ್ಲ, ಚೀನಾವೂ ಸೇರಲಿಲ್ಲ. ಸಣ್ಣ ರೈತರ ಭತ್ತ ಮತ್ತು ದನಕರುಗಳ ವಿಷಯ ಅದು ಅಂತ ಭಾರತ ಸರಕಾರ ಕಾರಣ ಕೊಟ್ಟಿತ್ತು. ದಿಲ್ಲಿಯವರು ನಮ್ಮ ಪರವಾಗಿ ಜಗತ್ತಿನ ಮುಂದೆ ಹೇಳಿದ ಮಾತನ್ನು ನಮ್ಮ ಊರಿನ ಸಭೆಯಲ್ಲೂ ಯಾರಾದರೂ ಹೇಳಬೇಕಿತ್ತು.

ಚೀನಾದಿಂದ ಕಲಿಯಬೇಡಿ ಅಂತ ಅಲ್ಲ. ಕಲಿಯುವುದು ಬೇಕಾದಷ್ಟು ಇದೆ. ಅಲ್ಲಿಯ ರೈತರು ಗಿಡ ಬುಡದಿಂದ ಮರಿ ಒಡೆದು ಮುಗಿಯುವ ಹೊತ್ತಿಗೆ ಒಂದು ವಾರ–ಹತ್ತು ದಿನ ಗದ್ದೆಯ ನೀರು ಬಿಟ್ಟು ಬಿಸಿಲಿಗೆ ಬಿಡುತ್ತಾರೆ. 1980ರ ದಶಕದಿಂದ ಅದು ಅಲ್ಲಿ ವ್ಯಾಪಕವಾಯಿತು. ಬೇಡದ ಮರಿಗಳು ನಿಲ್ಲುತ್ತವೆ, ಬೇರು ಗಟ್ಟಿಯಾಗುತ್ತದೆ, ಇಳುವರಿ ಬರುತ್ತದೆ ಅಂತ ಮಾಡಿದ್ದು. ಮೀಥೇನ್ ಇಳಿದದ್ದು ಜೊತೆಗೆ ಸಿಕ್ಕಿದ ಲಾಭ. ನೋಡಿ, ಅಲ್ಲಿ ರೈತನಿಗೆ ಮೊದಲು ಭತ್ತ ಸಿಕ್ಕಿತು. ನಮಗೆ ಸಿಕ್ಕಿದ್ದು ಜೊಳ್ಳು. ಅವರು ನೀರು ತೆಗೆದದ್ದು ಮರಿ ಒಡೆಯುವ ಕೊನೆಗೆ, ನಮ್ಮಿಂದ ತೆಗೆಸಿದ್ದು ತೆನೆ ಹೊರಡುವಾಗ. ಆ ಮೂರು ನಾಲ್ಕು ವಾರದ ವ್ಯತ್ಯಾಸವನ್ನು ಹೇಳುವ ಒಬ್ಬ ಮನುಷ್ಯ ನಮ್ಮ ಗದ್ದೆಯ ಹುಣಿಯ (ಬದುವಿನ) ಮೇಲೆ ಬಂದು ನಿಂತಿದ್ದರೆ ಸಾಕಿತ್ತು.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠ ಕಹಿ. ಕಾರ್ಬನ್ ಕ್ರೆಡಿಟ್‌ಗಳನ್ನು ನೋಂದಾಯಿಸುವ ವೆರಾ ಎಂಬ ಸಂಸ್ಥೆ 2024ರ ಆಗಸ್ಟಿನಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು. ಗದ್ದೆ ಒಣಗಿಸಿ ಮೀಥೇನ್ ಉಳಿಸಿದ್ದೇವೆ ಅಂತ ಹೇಳಿಕೊಂಡ ಯೋಜನೆಗಳು ಅವು. ಪರಿಶೀಲಿಸಿದಾಗ ನಿಲ್ಲಲಿಲ್ಲ. ಅಂಥದ್ದು ಇಲ್ಲಿ ನಡೆದರೆ ಹೋಗುವುದು ಯಾರ ಮಾನ? ಕಾಗದದಲ್ಲಿ ಸಹಿ ಇರುವುದು ನಮ್ಮದು.

ಒಣಗಿಸುವುದರಲ್ಲೂ ಒಂದು ತೊಡಕಿದೆ. ಗದ್ದೆ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವಾಗ ಯೂರಿಯಾ ಹಾಕಿದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಹೊರಡುತ್ತದೆ. ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ. ದಕ್ಷಿಣ ಭಾರತದ ಗದ್ದೆಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಗದ್ದೆಯನ್ನು ತೀರಾ ಒಣಗಿಸಿದರೆ ಈ ಅನಿಲ ಹಿಂದೆ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಬಹುದು ಅಂತ ಹೇಳಿತು. ಅದರ ಬಗ್ಗೆ ವಿಜ್ಞಾನಿಗಳಲ್ಲೇ ಚರ್ಚೆ ಇದೆ. ನಮ್ಮ ಸಭೆಯಲ್ಲಿ ಈ ಅನಿಲದ ಹೆಸರೇ ಬರಲಿಲ್ಲ.

ನಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಪಂಚಾಯತು ಎಣ್ಮಕಜೆ, ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಊರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ, 2000ದವರೆಗೆ ಸಿಂಪಡಿಸಿದರು. ಏನೂ ಆಗುವುದಿಲ್ಲ ಎಂದರು. ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದ ನೀರು, ತಾಯಂದಿರ ಹಾಲು, ಮಕ್ಕಳ ಮೈ, ಎಲ್ಲವನ್ನೂ ಪರೀಕ್ಷೆ ಮಾಡಿದ್ದು ಆಮೇಲೆ. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಮಕ್ಕಳು ಈಗ ದೊಡ್ಡವರಾಗಿ ಹಾಸಿಗೆಯಲ್ಲಿ ಇದ್ದಾರೆ, ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಯಿತು. ಭತ್ತದ ಪೈಪು ಮತ್ತು ಆ ವಿಷ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಈ ಊರಿನಲ್ಲಿ ಮೊದಲು ಅಳೆದು ಆಮೇಲೆ ಮಾಡಿ ಅಂತ ಕೇಳುವವರನ್ನು ಯಾರೂ ಹಠಮಾರಿಗಳು ಅನ್ನಬಾರದು.

ಇನ್ನೊಂದು ಹೆದರಿಕೆ ಹೇಳಿಬಿಡುತ್ತೇನೆ. ಕೇರಳದಲ್ಲಿ 1970ರ ದಶಕದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತದ ಗದ್ದೆ ಈಗ 2 ಲಕ್ಷದ ಆಸುಪಾಸಿಗೆ ಬಂದಿದೆ. ನಮ್ಮ ಕಣ್ಣೆದುರೇ ಬೈಲುಗಳು ಅಡಿಕೆ ತೋಟವಾದವು, ಮಣ್ಣು ತುಂಬಿಸಿ ಸೈಟಾದವು. ಗದ್ದೆ ಮೀಥೇನ್ ಬಿಡುತ್ತದೆ ಅನ್ನುವ ಮಾತು ಮಾತ್ರ ಉಳಿದರೆ, ಮಣ್ಣು ತುಂಬಿಸುವವನಿಗೆ ಒಂದು ಒಳ್ಳೆಯ ನೆವ ಸಿಕ್ಕಿದ ಹಾಗೆ. ಗದ್ದೆ ಮುಚ್ಚಿದರೆ ಮೀಥೇನ್ ಇಲ್ಲ, ಕಾಗದದಲ್ಲಿ ಲೆಕ್ಕ ಚೊಕ್ಕ. ಆದರೆ ನಮ್ಮ ಬೈಲಿನ ಮೇಲ್ಭಾಗದಲ್ಲಿ ಎರಡು ಎಕರೆ ತುಂಬಿಸಿದ ಮೇಲೆ ಕೆಳಗಿನ ಮೂರು ಮನೆಯ ಬಾವಿ ಮಾರ್ಚಿಗೇ ಬತ್ತುತ್ತಿದೆ. ಗದ್ದೆ ನೀರು ಇಂಗಿಸುತ್ತದೆ ಅಂತ ನಿಮ್ಮ ಸರಕಾರಕ್ಕೇ ಗೊತ್ತಿದೆ. ಅದಕ್ಕೇ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಬಂತು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸುವವರಿಗೆ 2020ರಲ್ಲಿ ಹೆಕ್ಟೇರಿಗೆ 2000 ರೂಪಾಯಿ ರಾಯಲ್ಟಿ ಶುರುವಾಯಿತು. ಒಂದು ಕೈಯಲ್ಲಿ ರಾಯಲ್ಟಿ ಕೊಟ್ಟು ಇನ್ನೊಂದು ಕೈಯಲ್ಲಿ ಅಪರಾಧಿಯ ಪಟ್ಟ ಕಟ್ಟಬೇಡಿ.

ಈಗ ಕೇಳಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಗದ್ದೆಯನ್ನು ಅಳೆಯಿಸಿ. ಗಿಡದ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಇಷ್ಟಿಷ್ಟು ಹೊತ್ತಿಗೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವುದು, ವಿಧಾನ ಇಷ್ಟೇ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯವರು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ನಮ್ಮ ಜಿಲ್ಲೆಯ ಪಿಲಿಕ್ಕೋಡಿನಲ್ಲೇ ಇದೆ. ಬೈಲು, ಮಜಲು, ಬೆಟ್ಟು ಮೂರರಲ್ಲೂ, ಏಣೆಲು, ಸುಗ್ಗಿ, ಕೊಳಕೆ ಮೂರರಲ್ಲೂ, ಕನಿಷ್ಠ ಮೂರು ವರ್ಷ ಅಳೆಯಿಸಿ. ಎರಡೂ ಅನಿಲಗಳನ್ನು ಅಳೆಯಿಸಿ. ಹಸಿ ಸೊಪ್ಪು ಹಾಕಿದ ಗದ್ದೆ, ಕೊಳೆತ ಹಟ್ಟಿಗೊಬ್ಬರ ಹಾಕಿದ ಗದ್ದೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚೆನ್ನಾಗಿ ಕೊಳೆತ ಗೊಬ್ಬರದಿಂದ ಮೀಥೇನ್ ಕಡಿಮೆ ಅನ್ನುತ್ತಾರೆ. ನಮ್ಮಲ್ಲೂ ಹಾಗೇ ಆದರೆ ಅದು ನಾವು ನಾಳೆಯಿಂದಲೇ ಮಾಡಬಹುದಾದ ಕೆಲಸ. ಇದೇ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಉಳಿಸಿದ ತಳಿಗಳನ್ನೂ ಈ ಪರೀಕ್ಷೆಯಲ್ಲಿ ಸೇರಿಸಿ. ಬೇಗ ಕೊಯ್ಲಿಗೆ ಬರುವ ತಳಿ ನೀರಿನಲ್ಲಿ ನಿಲ್ಲುವ ದಿನವೂ ಕಡಿಮೆ.

ಅಲ್ಲಿಯವರೆಗೆ ಯಾವ ಸಂಸ್ಥೆಯೂ ಊರಿನ ಸರಕಾರಿ ಕೃಷಿ ಕಚೇರಿಯಾದ ಕೃಷಿಭವನದ ಪರಿಶೀಲನೆ ಇಲ್ಲದೆ ರೈತರಿಂದ ಕಾರ್ಬನ್ ಒಪ್ಪಂದಕ್ಕೆ ಸಹಿ ಹಾಕಿಸಬಾರದು. ಒಪ್ಪಂದ ಕನ್ನಡದಲ್ಲಿ ಇರಬೇಕು. ಬೆಳೆ ಹಾಳಾದರೆ ಯಾರು ಕೊಡುತ್ತಾರೆ ಅನ್ನುವುದು ಮೊದಲ ಪುಟದಲ್ಲೇ ಇರಬೇಕು. ನೀರು ತೆಗೆಯುವ ದಿನವನ್ನು ಪಾಡಶೇಖರ ಸಮಿತಿ (ಭತ್ತದ ರೈತರ ಸಮಿತಿ) ಮತ್ತು ಕಟ್ಟದ ಸರದಿಯವರು ಕೂತು ನಿಶ್ಚಯಿಸಬೇಕು, ದೂರದಲ್ಲಿ ಕೂತವರ ಫೋನ್ ಸಂದೇಶ ಅಲ್ಲ. ನಮ್ಮ ಮೂವತ್ತು ಸೆಂಟಿನ ನಷ್ಟದ ಬಗ್ಗೆ ಬೇರೆಯೇ ಅರ್ಜಿ ಕೊಟ್ಟಿದ್ದೇವೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮತ್ತೆ, ಕಟ್ಟಗಳು. ಮಣ್ಣು, ಕಲ್ಲು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವ ಈ ತಾತ್ಕಾಲಿಕ ಒಡ್ಡುಗಳು ಇಲ್ಲದಿದ್ದರೆ ಸುಗ್ಗಿಯ ಕೊನೆಯ ನೀರೂ ಇಲ್ಲ, ಕೊಳಕೆಯೂ ಇಲ್ಲ. ಬೇಕಾದಾಗ ನೀರು ಸಿಗುತ್ತದೆ ಅನ್ನುವ ಧೈರ್ಯ ಇದ್ದರೆ ಮಾತ್ರ ರೈತ ಗದ್ದೆ ಒಣಗಿಸುತ್ತಾನೆ. ನೀರಿನ ಭರವಸೆ ಇಲ್ಲದವನಿಗೆ ಕಂಡಿ ಮುಚ್ಚು ಅನ್ನುವುದು ಅನ್ಯಾಯ. ಮೀಥೇನ್ ಇಳಿಸುವ ಹೆಸರಿನಲ್ಲಿ ಬರುವ ಹಣದಲ್ಲಿ ಒಂದು ಪಾಲು ಕಟ್ಟ ಕಟ್ಟುವ ಕೂಲಿಗೆ ಬರಲಿ. ಮೊದಲು ಊರಿನವರೆಲ್ಲ ಸೇರುತ್ತಿದ್ದರು, ಈಗ ಹತ್ತು ಜನ ಸಿಗುವುದು ಕಷ್ಟ.

ಅಳೆದ ಮೇಲೆ ನಮ್ಮ ಬೈಲಿನಿಂದ ನಿಜವಾಗಿಯೂ ಜಾಸ್ತಿ ಅನಿಲ ಹೊರಡುತ್ತದೆ ಅಂತ ಬಂದರೆ ನಾವು ಒಪ್ಪುತ್ತೇವೆ. ಒಪ್ಪಿ, ಸುಗ್ಗಿಯಲ್ಲಿ ಮರಿ ಒಡೆದು ಮುಗಿಯುವ ಹೊತ್ತಿಗೆ ನೀರು ಬಿಡುತ್ತೇವೆ. ಇದು ಐದು ಜನ ಕೂತು ಮಾತಾಡಿ ನಿಶ್ಚಯಿಸಿದ ಮಾತು. ಜೊಳ್ಳು ಊದಿದ ಹಿರಿಯಕ್ಕನೂ ಹೂಂ ಅಂದಿದ್ದಾರೆ.

ಅಕ್ಟೋಬರಿನಲ್ಲಿ ಸುಗ್ಗಿಯ ನೇಜಿ ನೆಡುತ್ತೇವೆ. ಡಿಸೆಂಬರಿನ ಮೊದಲ ವಾರ ಕಟ್ಟ ಕಟ್ಟುತ್ತೇವೆ. ಪೆಟ್ಟಿಗೆ ಇಡಲು ಬರುವವರು ನಾಟಿಗೆ ಮೊದಲೇ ಬಂದರೆ ಒಳ್ಳೆಯದು, ಗದ್ದೆಯ ನಡುವೆ ಓಡಾಡಲು ಹಲಗೆ ಹಾಕಿಕೊಡುತ್ತೇವೆ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ನಮ್ಮ ಮನೆಯಲ್ಲೇ ಆಗುತ್ತದೆ. ತಮ್ಮ ಉತ್ತರವನ್ನು ಕನ್ನಡದಲ್ಲಿ ಕಾಯುತ್ತಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ಗುಂಪಿನ ಐವರ ಪರವಾಗಿ,
ಪೆರ್ಲದ ಕಡೆಯ ಒಬ್ಬ ರೈತ ಹೆಂಗಸು